ಸಮಾಧಿಗಲ್ಲು ಓದುವ ಮುನ್ನ: ಅಥೆನ್ಸ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ ಹೆಗೆಸೋ ಎಂಬ ಹೆಂಗಸಿನ ಸಮಾಧಿಗಲ್ಲಿದೆ. ಕೆರಮೈಕೋಸ್ ಸ್ಮಶಾನದಲ್ಲಿ ನಿಂತಿರುವುದು ಅದರ ನಕಲು. ಆಭರಣದ ಪೆಟ್ಟಿಗೆ ಹಿಡಿದ ದಾಸಿಯ ಕಡೆಗೇ ಎಲ್ಲರ ಕಣ್ಣು ಹೋಗುತ್ತದೆ. ನೀನು ಮಾತ್ರ ಮೊದಲು ಮೇಲಿನ ಪಟ್ಟಿ ನೋಡು. ಅಲ್ಲಿರುವುದು ಎರಡೇ ಪದ: ‘ಹೆಗೆಸೋ ಪ್ರೊಕ್ಸೆನೊ’, ಅಂದರೆ ಪ್ರೊಕ್ಸೆನೋಸನ ಹೆಗೆಸೋ. ಮಗಳು ಎಂಬ ಮಾತೇ ಇಲ್ಲ, ಷಷ್ಠಿ ವಿಭಕ್ತಿಯೇ ನಂಟು ಹೇಳುತ್ತದೆ. ಹೆಂಗಸರ ಕಲ್ಲಿನಲ್ಲಿ ಆ ಷಷ್ಠಿ ಗಂಡನದೂ ಆಗಿರಬಹುದು, ಅವಸರಪಡಬೇಡ. ಅಥೆನ್ಸಿನ ಗಂಡಸಿನ ಕಲ್ಲಾದರೆ ಸಾಮಾನ್ಯವಾಗಿ ಮೂರನೆಯ ಪದವೂ ಇರುತ್ತದೆ: ಅವನ ‘ಡೆಮೋಸ್’, ಊರು ಎನ್ನು.

‘ಪ್ರೊಕ್ಸೆನೊ’ ಕೊನೆಯಲ್ಲಿ ‘ಊ’ ಇರಬೇಕಿತ್ತಲ್ಲ ಎಂದು ಕೇಳುತ್ತೀಯ. ಶಿಲ್ಪಿಯ ತಪ್ಪಲ್ಲ. ಹಳೆಯ ಅಥೆನ್ಸ್ ಲಿಪಿಯಲ್ಲಿ ಒ, ಓ, ಊ ಮೂರಕ್ಕೂ ಒಂದೇ ದುಂಡಕ್ಷರ, ಓಮಿಕ್ರಾನ್. ಕ್ರಿ.ಪೂ. 403ರಲ್ಲಿ ಸರ್ಕಾರ ಅಯೋನಿಯದ, ಅಂದರೆ ಏಷ್ಯಾ ಮೈನರ್ ಕರಾವಳಿಯ ಗ್ರೀಕರ, ಲಿಪಿಯನ್ನು ಒಪ್ಪಿಕೊಂಡಿತು. ಆದರೂ ‘ಊ’ಗೆ ಓಮಿಕ್ರಾನ್, ಉಪ್ಸಿಲಾನ್ ಎರಡೂ ಬರೆಯುವ ಬದಲು ಬರೀ ಓಮಿಕ್ರಾನ್ ಬರೆಯುವ ರೂಢಿ ಮುಂದೆ ಹಲವು ದಶಕ ಉಳಿಯಿತು. ಅದೊಂದನ್ನೇ ನಂಬಿ ಕಾಲ ಹೇಳಲು ಹೋದವರು ಎಡವುತ್ತಾರೆ.

ಅದೇ ಸಂಗ್ರಹಾಲಯದಲ್ಲಿರುವ ಫ್ರಾಸಿಕ್ಲೇಯಾ ಎಂಬ ಹುಡುಗಿಯ ಸಮಾಧಿಯ ಪ್ರತಿಮೆ ಇನ್ನೂ ಹಳೆಯದು, ಕ್ರಿ.ಪೂ. ಸುಮಾರು 540. ಅದರ ಪೀಠ ಅಥೆನ್ಸ್ ಬಳಿಯ ಮೆರೆಂಡಾದ ಚರ್ಚೊಂದರ ಕಟ್ಟಡದಲ್ಲಿ ಸೇರಿಹೋಗಿತ್ತು. ಪ್ರತಿಮೆ ಮಣ್ಣಿನಿಂದ ಮೇಲೆದ್ದದ್ದು 1972ರಲ್ಲಿ. ಪೀಠದಲ್ಲಿ ಅವಳೇ ಮಾತಾಡುತ್ತಾಳೆ: ಮದುವೆಯ ಬದಲು ದೇವರುಗಳು ಕೊಟ್ಟದ್ದು ‘ಕನ್ಯೆ’ ಎಂಬ ಈ ಹೆಸರು, ನಾನು ಎಂದೆಂದೂ ಕನ್ಯೆಯೇ. ನನ್ನ ಮಟ್ಟಿಗೆ ಇದರ ಮುಂದೆ ಉಳಿದವೆಲ್ಲ ಸಪ್ಪೆ.

ಸವೆದ ಕಲ್ಲಿನಲ್ಲಿ ಮೋಸ ಮಾಡುವವು ಆಲ್ಫಾ, ಡೆಲ್ಟಾ, ಲ್ಯಾಮ್ಡಾ ಎಂಬ ಅಕ್ಷರಗಳು. ಮೂರೂ ಗುಡಾರದಾಕಾರ, ಅಡ್ಡಗೀರು ಅಳಿದರೆ ಮೂರೂ ಒಂದೇ. ನೇರ ಬೆಳಕಿನಲ್ಲಿ ಏನೂ ಕಾಣದು, ಪಕ್ಕದಿಂದ ಓರೆಯಾಗಿ ಬೀಳಬೇಕು. ಬಯಲಿನ ಕಲ್ಲಿಗೆ ಬೆಳಗು ಇಲ್ಲವೇ ಸಂಜೆ ಹೋಗು. ಪಂಡಿತರು ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಒಣಗಿದ ಮೇಲೆ ಬಿಡಿಸಿಕೊಳ್ಳುತ್ತಾರೆ. ನಮ್ಮ ಶಾಸನಗಳ ಪಡಿಯಚ್ಚಿನಂತೆಯೇ, ಮಸಿ ಮಾತ್ರ ಇಲ್ಲ. ನಡುವೆ ಗಾಳಿಗುಳ್ಳೆ ಉಳಿದರೆ ಅಲ್ಲಿಯ ಅಕ್ಷರ ಹೋಯಿತು. ಅನುಮತಿಯಿಲ್ಲದೆ ನೀನು ಕೈಹಾಕಬೇಡ.

ಇಸವಿ ಹುಡುಕಬೇಡ, ಸಿಗುವುದು ಅಪರೂಪ. ಕೆರಮೈಕೋಸ್ ಸಂಗ್ರಹಾಲಯದ ಡೆಕ್ಸಿಲಿಯೋಸನ ಕಲ್ಲು ಬೇರೆ: ಹುಟ್ಟಿದ ವರ್ಷ, ಸತ್ತ ವರ್ಷ (ಕ್ರಿ.ಪೂ. 394), ಎರಡನ್ನೂ ಆಯಾ ವರ್ಷದ ಅಧಿಕಾರಿಯ ಹೆಸರಿನಿಂದ ಹೇಳುತ್ತದೆ. ಕ್ರಿ.ಪೂ. 404ರಲ್ಲಿ ಅಥೆನ್ಸನ್ನು ಹಿಡಿದ ಮೂವತ್ತು ಮಂದಿಯ ದಬ್ಬಾಳಿಕೆಗೆ ಕುದುರೆ ಸವಾರರ ಬೆಂಬಲವಿತ್ತು. ಆ ಕಾಲಕ್ಕೆ ಈ ಕುದುರೆ ಸವಾರ ಇನ್ನೂ ಹುಡುಗ, ಅವರ ಪಾಪದಲ್ಲಿ ಪಾಲಿಲ್ಲ ಎಂದು ತೋರಿಸಲಿಕ್ಕೇ ಎಂಬ ವಾದವಿದೆ.

ಸುತ್ತ ಮೋಟು ಕಂಬಗಳು ಕಂಡರೆ ಕಡೆಗಣಿಸಬೇಡ. ಕ್ರಿ.ಪೂ. 317ರ ಹೊತ್ತಿಗೆ ಅಥೆನ್ಸನ್ನು ಆಳುತ್ತಿದ್ದ ಫಲೇರೋನ್‌ನ ದೆಮೆತ್ರಿಯೋಸ್ ಆಡಂಬರದ ಸಮಾಧಿಗಳನ್ನು ನಿಲ್ಲಿಸಿ, ಮಣ್ಣಿನ ದಿಬ್ಬದ ಮೇಲೆ ಮೂರು ಮೊಳಕ್ಕಿಂತ ಎತ್ತರದ ಕಂಬ ಕೂಡದೆಂದ. ಅವುಗಳ ಮೇಲಿರುವುದು ಹೆಸರು, ತಂದೆ, ಊರು, ಅಷ್ಟೆ.

ಇಂತಿ,
ನಿನ್ನ ಗೆಳೆಯ