ಶೂ ಬಿಚ್ಚಿಕೊಟ್ಟ ಆ ಮಗಳಿಗೆ

ಕಂಠೀರವದಲ್ಲಿ ನಮ್ಮ ಹಿರಿಯರ ಅಥ್ಲೆಟಿಕ್ಸ್‌ನ ಹೊಸ ಸೀಸನ್ನಿನ ಮೊದಲ ದಿನ. 35 ದಾಟಿದವರಿಗೆ ಐದೈದು ವರ್ಷದ ಗುಂಪು. ನನ್ನದು 60–64, 800 ಮೀಟರ್. ಹೆಸರು ಕರೆಯುವ ಹೊತ್ತಿಗೆ ನನ್ನ ಸ್ಪೈಕ್ಸ್‌ನ (ಅಡಿಯಲ್ಲಿ ಮೊಳೆಗಳಿರುವ ಓಟದ ಶೂ) ಅಡಿ ಕಿತ್ತು ಬಾಯಿ ಬಿಟ್ಟಿತ್ತು. ಇಷ್ಟು ತಿಂಗಳ ಅಭ್ಯಾಸವೆಲ್ಲ ಹೋಯಿತು ಅನ್ನಿಸಿ ಗಂಟಲು ಕಟ್ಟಿತು.

"ಅಮ್ಮ, ನಿಮ್ಮ ಸೈಜ್ ಎಷ್ಟು?" ಅಂತ ಕೇಳಿ ನೀನು ನಿನ್ನ ಶೂಗಳನ್ನೇ ಬಿಚ್ಚಿಕೊಟ್ಟೆ. ನನ್ನ ಕೈ ನಡುಗುತ್ತಿತ್ತು, ಲೇಸನ್ನೂ ನೀನೇ ಕಟ್ಟಿದೆ. "ಮೊದಲ ಸುತ್ತು ಅವಸರ ಬೇಡ" ಅಂದೆಯಲ್ಲ, ಹಾಗೇ ಓಡಿದೆ ನಾನು. ಎರಡನೇ ಸುತ್ತಿನ ಕೊನೇ ತಿರುವಿನಲ್ಲಿ ಬರಿಗಾಲಲ್ಲಿ ನಿಂತು ಕೂಗುತ್ತಿದ್ದವಳೂ ನೀನೇ.

ನಾಲ್ಕನೆಯವಳಾಗಿ ಮುಗಿಸಿದೆ. ಪದಕ ಬರಲಿಲ್ಲ, ಆದರೆ ಅಷ್ಟು ಹಗುರವಾಗಿ ನಾನೆಂದೂ ಓಡಿರಲಿಲ್ಲ. ಶೂ ಹಿಂದಿರುಗಿಸುವಾಗ ಅಳು ಬಂದು ನಿನ್ನ ಹೆಸರು ಕೇಳುವುದೇ ಮರೆತುಹೋಯಿತು. ತುಂಬಾ ಥ್ಯಾಂಕ್ಸ್, ಮಗಳೇ.