ಮೆಲ್ಬರ್ನ್‌ನಿಂದ ಮನೆಗೆ: ಅಂಗಡಿ ತೆರೆಯುವ ಮುಂಚೆ ಅಪ್ಪನಿಗೊಂದು ಮಾತು

ಪ್ರೀತಿಯ ಅಪ್ಪ, ಅಮ್ಮ,

ನಾವಿಲ್ಲಿ ಕ್ಷೇಮ. ಕಾಫಿ ಗಿಡ ಅರಳಿಸುವ ಹೂ ಮಳೆ ಬಂತಾ? ಅಣ್ಣ ಸ್ಪ್ರಿಂಕ್ಲರ್ ಓಡಿಸುತ್ತಿರುವ ಫೋಟೋ ಕಳಿಸಿದ್ದ, ಹಾಗಾದರೆ ಇನ್ನೂ ಬಂದಿಲ್ಲ ಅಂದುಕೊಂಡೆ. ರೊಬಸ್ಟಾ ಕಾಫಿಗೆ ನೀರು ಹೊಡೆಯಬಹುದು, ಮೇಲಿನ ಅರೇಬಿಕಾ ತೋಟಕ್ಕೆ ಪೈಪ್ ಎಟುಕುವುದಿಲ್ಲ ಅಲ್ವಾ, ಅದೇ ಯೋಚನೆ ನನಗೆ. ಫೋನಲ್ಲಿ ಒಂದು ಹೇಳಿದರೆ ಇನ್ನೊಂದು ಮರೆತುಹೋಗುತ್ತೆ, ಮಧ್ಯೆ ಅಮ್ಮ ಊಟ ಆಯ್ತಾ ಅಂತ ಕೇಳಿದರೆ ಮಾತೇ ಬೇರೆ ಕಡೆ ಹೋಗುತ್ತೆ. ಅದಕ್ಕೆ ನಾವಿಲ್ಲಿ ತೆರೆಯುವ ಕಾಫಿ ಅಂಗಡಿ ವಿಷಯ ಎಲ್ಲ ಕೂತು ಬರೆಯುತ್ತಿದ್ದೇನೆ. ಅಪ್ಪ, ನಿಮ್ಮ ಹತ್ತಿರ ಒಂದು ಕೇಳುವುದಿದೆ, ಕೊನೆವರೆಗೂ ಓದಿ.

ಏಪ್ರಿಲ್ ಕೊನೆಗೆ ಬಾಗಿಲು ತೆಗೆಯುತ್ತೇವೆ. ಜಾಗ ಕೋಬರ್ಗ್‌ನಲ್ಲೇ, ನಮ್ಮ ಮನೆಯಿಂದ ನಡೆದು ಹೋಗಬಹುದು. 19ನೇ ನಂಬರ್ ಟ್ರಾಮ್ ಓಡುವ ಸಿಡ್ನಿ ರೋಡ್‌ನಿಂದ ಒಳಗೆ ತಿರುಗಿದರೆ ಸಿಗುವ ಸಣ್ಣ ಬೀದಿ. ಸುತ್ತಮುತ್ತ ಇಟಲಿ, ಗ್ರೀಸ್, ಲೆಬನಾನ್, ಟರ್ಕಿಯಿಂದ ಬಂದು ನೆಲೆಯಾದವರ ಮನೆಗಳು, ಈಗೀಗ ನಮ್ಮಂಥವರೂ ಸೇರಿಕೊಂಡಿದ್ದೇವೆ. ಒಳಗೆ ಹತ್ತು ಹನ್ನೆರಡು ಜನ ಕೂರಬಹುದು, ಹೊರಗೆ ಎರಡು ಮೇಜು.

ಅಮ್ಮ, ಬರೀ ಕಾಫಿ ಮಾರಿ ಜೀವನ ನಡೆಯುತ್ತಾ ಅಂತ ನೀನು ಕೇಳಿದೆಯಲ್ಲ. ಈ ಊರಲ್ಲಿ ನಡೆಯುತ್ತೆ. ಇಲ್ಲಿ ಪ್ರತಿಯೊಂದು ಏರಿಯಾದವರಿಗೂ ತಮ್ಮದೇ ಅಂತ ಒಂದು ಕಾಫಿ ಅಂಗಡಿ ಇರುತ್ತೆ. ಬೆಳಗ್ಗೆ ಆರೂವರೆ ಏಳಕ್ಕೆ ತೆರೆದರೆ ಮಧ್ಯಾಹ್ನ ಮೂರಕ್ಕೆಲ್ಲ ಬಾಗಿಲು. ಕೆಲಸಕ್ಕೆ ಹೋಗುವವರು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವ ತಾಯಂದಿರು, ನಾಯಿ ಹಿಡಿದುಕೊಂಡು ಬರುವ ವಯಸ್ಸಾದವರು, ದಿನಾ ಅದೇ ಮುಖಗಳು. ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಅವರ ಕಾಫಿ ಶುರುವಾಗಿರಬೇಕು, ಕೇಳಿ ಮಾಡಿದರೆ ಅವರಿಗೆ ಬೇಜಾರು. ಎರಡನೇ ಮಹಾಯುದ್ಧ ಆದಮೇಲೆ ಇಟಲಿ, ಗ್ರೀಸ್‌ನಿಂದ ಬಂದವರು ಇಲ್ಲಿ ಎಸ್ಪ್ರೆಸೊ, ಅಂದರೆ ಮೆಷಿನ್ನಿನ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿಯ ರುಚಿ ಹತ್ತಿಸಿದರು. ಬೂರ್ಕ್ ಸ್ಟ್ರೀಟ್‌ನಲ್ಲಿ 1954ರಲ್ಲಿ ಶುರುವಾದ ಪೆಲೆಗ್ರಿನೀಸ್ ಕಾಫಿ ಬಾರ್ ಈಗಲೂ ಇದೆ, ನೀವು ಬಂದಾಗ ಕರೆದುಕೊಂಡು ಹೋಗುತ್ತೇನೆ. ಸ್ಟಾರ್‌ಬಕ್ಸ್‌ನಂಥ ದೊಡ್ಡ ಕಂಪನಿಯೇ 2008ರಲ್ಲಿ ಆಸ್ಟ್ರೇಲಿಯಾದಲ್ಲಿದ್ದ ತನ್ನ 84 ಅಂಗಡಿಗಳಲ್ಲಿ 61 ಮುಚ್ಚಿತು. ಜನ ತಮ್ಮ ಬೀದಿಯ ಅಂಗಡಿ ಬಿಟ್ಟು ಅಲ್ಲಿಗೆ ಹೋಗಲೇ ಇಲ್ಲ.

ಪರವಾನಗಿ ಕೆಲಸ ಮುಗಿಯಿತು. ಕೌನ್ಸಿಲ್‌ನಲ್ಲಿ ನೋಂದಣಿ, ಆಹಾರ ಸುರಕ್ಷತೆ ಕೋರ್ಸು, ಕೈ ತೊಳೆಯಲೆಂದೇ ಬೇರೆ ಸಿಂಕು, ಚರಂಡಿಗೆ ಜಿಡ್ಡು ಹೋಗದಂತೆ ತಡೆಯುವ ತೊಟ್ಟಿ, ಹೊರಗೆ ಮೇಜು ಹಾಕಲು ಫುಟ್‌ಪಾತಿಗೆ ಇನ್ನೊಂದು ಪರ್ಮಿಟ್ಟು. ಓಡಾಟ ಜಾಸ್ತಿ, ಆದರೆ ಏನು ಬೇಕು ಅಂತ ಮೊದಲೇ ಬರೆದು ಕೊಡುತ್ತಾರೆ.

ಈಗ ಮುಖ್ಯ ವಿಷಯ. ಅಂಗಡಿ ಶುರು ಮಾಡುತ್ತೇವೆ ಅಂತ ಗೊತ್ತಾದ ಕೂಡಲೇ ಒಂದು ದೊಡ್ಡ ರೋಸ್ಟಿಂಗ್ ಕಂಪನಿಯವರು ಬಂದರು. ಮೆಷಿನ್, ಗ್ರೈಂಡರ್, ಕಪ್ಪು, ಛತ್ರಿ ಎಲ್ಲ ನಾವೇ ಕೊಡುತ್ತೇವೆ, ರಿಪೇರಿನೂ ನಮ್ಮದೇ, ನೀವು ನಮ್ಮ ಬೀಜ ಮಾತ್ರ ತಗೊಳ್ಳಬೇಕು, ವಾರಕ್ಕೆ ಇಷ್ಟು ಕಿಲೋ ಅಂತ ಸೈನ್ ಹಾಕಿ ಅಂದರು. ಹೊಸಬರು ತುಂಬ ಜನ ಹೀಗೇ ಶುರು ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಕೈಯಲ್ಲಿ ದುಡ್ಡಿಲ್ಲದವರಿಗೆ ಅದೇ ದಾರಿ. ಆದರೆ ನನಗೆ ಆ ಕಾಗದ ಓದುವಾಗ ಮಳೆಗಾಲದಲ್ಲಿ ಅಡ್ವಾನ್ಸ್ ಕೊಟ್ಟು ಫಸಲು ಬರೆಸಿಕೊಳ್ಳುವ ವ್ಯಾಪಾರಿಯೇ ಕಣ್ಣ ಮುಂದೆ ಬಂದ. ದುಡ್ಡಿನ ಅಡಚಣೆ ಇದ್ದ ವರ್ಷವೂ ನೀವು ಹಾಗೆ ಕೈ ಚಾಚಲಿಲ್ಲ, ಬೀಜ ನಮ್ಮ ಕೈಯಲ್ಲಿದ್ದರೆ ಮಾತೂ ನಮ್ಮ ಕೈಯಲ್ಲಿರುತ್ತೆ ಅಂತಿದ್ದಿರಿ. ನಾನೂ ಬೇಡ ಅಂದೆ. ನಮ್ಮ ಮನೆಯಲ್ಲಿ ಇವರಿಗೆ ಮೊದಲು ಸ್ವಲ್ಪ ಭಯ ಆಯಿತು, ಆಮೇಲೆ ಒಪ್ಪಿದರು. ಉಳಿತಾಯದ ದುಡ್ಡಲ್ಲಿ ಒಟ್ಟಿಗೆ ಎರಡು ಕಡೆ ಕಾಫಿ ಇಳಿಸುವ, ಎರಡು ಗ್ರೂಪಿನ ಸೆಕೆಂಡ್ ಹ್ಯಾಂಡ್ ಲಾ ಮಾರ್ಜೊಕ್ಕೊ ತಗೊಂಡೆವು. ಇಟಲಿಯ ಫ್ಲಾರೆನ್ಸ್ ಕಡೆ ಮಾಡುವ ಮೆಷಿನ್, ಒಳ್ಳೆ ಕಬ್ಬಿಣ, ಸರಿಯಾಗಿ ನೋಡಿಕೊಂಡರೆ ಎಷ್ಟೋ ವರ್ಷ ಬರುತ್ತೆ. ಹುರಿಯಲು ಹತ್ತಿರದಲ್ಲೇ ಬಾಡಿಗೆಗೆ ರೋಸ್ಟರ್ ಬಿಟ್ಟುಕೊಡುವ ಜಾಗ ಇದೆ, ಗಂಟೆ ಲೆಕ್ಕದಲ್ಲಿ.

ಇದೆಲ್ಲ ಯಾಕೆ ಅಂದರೆ, ನನ್ನ ಅಂಗಡಿಯಲ್ಲಿ ನಮ್ಮ ಬೀಜ ಅದರ ಹೆಸರಲ್ಲೇ ಮಾರಬೇಕು.

ಅಪ್ಪ, ಇಲ್ಲಿ ಕಾಫಿ ಅಂಗಡಿಗೆ ಹೋದರೆ ಬೋರ್ಡಿನ ಮೇಲೆ ಇಥಿಯೋಪಿಯಾದ ಊರು, ಕೊಲಂಬಿಯಾದ ತೋಟ, ಬೆಳೆದವರ ಹೆಸರು, ಎಷ್ಟು ಎತ್ತರದಲ್ಲಿ ಬೆಳೆದದ್ದು, ಎಲ್ಲ ಬರೆದಿರುತ್ತಾರೆ. ಇಂಡಿಯಾ ಅಂದರೆ ರೋಸ್ಟರುಗಳಿಗೆ ಥಟ್ಟನೆ ನೆನಪಾಗುವುದು ಮಳೆಗಾಲದ ಗಾಳಿಗೆ ಒಡ್ಡಿ ಹದ ಮಾಡಿದ ಮಾನ್ಸೂನ್ಡ್ ಮಲಬಾರ್ ಒಂದೇ, ಅದೂ ಬ್ಲೆಂಡಿಗೆ ಹಾಕಲು. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕರ್ನಾಟಕ. ಚಿಕ್ಕಮಗಳೂರು ಅರೇಬಿಕಾಗೆ, ಬಾಬಾಬುಡನ್ ಗಿರಿ ಅರೇಬಿಕಾಗೆ, ಕೊಡಗಿನ ಅರೇಬಿಕಾಗೆ 2019ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಆದರೂ ಇಲ್ಲಿ ಕಪ್ಪಿನ ಪಕ್ಕ ಆ ಹೆಸರು ಕಾಣಿಸುವುದೇ ಅಪರೂಪ.

ನಮ್ಮ ಕಾಫಿ ಎಲ್ಲಿಗೆ ಹೋಗುತ್ತೆ ಅಂತ ನನಗೆ ಇಲ್ಲೇ ಸರಿಯಾಗಿ ಅರ್ಥ ಆಗಿದ್ದು. ಪಕ್ಕದ ಮನೆಯಲ್ಲಿ ಇಟಲಿಯ ಕಲಾಬ್ರಿಯಾ ಕಡೆಯ ಅಜ್ಜ ಒಬ್ಬರಿದ್ದಾರೆ, ಹುಡುಗನಾಗಿದ್ದಾಗ ಹಡಗಲ್ಲಿ ಬಂದವರು. ಈ ಊರಿನ ಹೊಸ ಅಂಗಡಿಗಳ ತಿಳಿ ಹುರಿದ ಕಾಫಿ ಅವರಿಗೆ ಸೇರಲ್ಲ, ಹುಳಿ ಅಂತಾರೆ. ಅಣ್ಣ ಬಂದಾಗ ತಂದಿದ್ದ ನಮ್ಮ ರೊಬಸ್ಟಾ ಪೀಬೆರಿ, ಆ ದುಂಡನೆಯ ಒಂಟಿ ಬೀಜ, ಇತ್ತಲ್ಲ, ಅದನ್ನು ಸ್ವಲ್ಪ ಕಪ್ಪಗೆ ಹುರಿದು, ಅರೇಬಿಕಾ ಜೊತೆ ಬೆರೆಸಿ ಸಣ್ಣ ಕಪ್ಪಲ್ಲಿ ಕೊಟ್ಟೆ. ಅಜ್ಜ ಒಂದು ಚಮಚ ಸಕ್ಕರೆ ಹಾಕಿದರು, ಕಲಕಲಿಲ್ಲ. ಮೇಲಿನ ಕೆಂಚು ನೊರೆ ಸಕ್ಕರೆಯನ್ನು ಒಂದು ಗಳಿಗೆ ಎತ್ತಿ ಹಿಡಿದುಕೊಂಡು ಆಮೇಲೆ ಮೆಲ್ಲಗೆ ಒಳಗೆ ಬಿಟ್ಟುಕೊಂಡಿತು. ಅದನ್ನೇ ನೋಡುತ್ತಿದ್ದರು. ನೊರೆ ಗಟ್ಟಿಯಾಗಿದೆಯಾ ಅಂತ ಅವರ ಊರಲ್ಲಿ ಹಾಗೇ ನೋಡುವುದಂತೆ. ಕುಡಿದು, ಇದು ನಮ್ಮೂರ ಬಾರಿನ ಕಾಫಿ, ಎಲ್ಲಿಂದ ತರಿಸಿದೆ ಅಂತ ಕೇಳಿದರು. ಮೂಡಿಗೆರೆ ಅಂದೆ. ನಂಬಲಿಲ್ಲ.

ನಂಬದೇ ಇರಲು ಕಾರಣ ಇದೆ. ಇಂಡಿಯಾದಿಂದ ಕಾಫಿ ಕೊಳ್ಳುವ ದೇಶಗಳಲ್ಲಿ ಮೊದಲನೇದು ಇಟಲಿ. ದಕ್ಷಿಣ ಇಟಲಿಯವರಿಗೆ ರೊಬಸ್ಟಾ ಇಲ್ಲದ ಎಸ್ಪ್ರೆಸೊ ರುಚಿಸಲ್ಲ, ಆ ಗಟ್ಟಿ ನೊರೆ ಬರುವುದೇ ಅದರಿಂದ. ನಮ್ಮ ಕಣದಲ್ಲಿ ಒಣಗಿದ್ದು ಒಳಸಿಪ್ಪೆ ತೆಗೆದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸಿಗೆ, ಅಲ್ಲಿಂದ ಮಂಗಳೂರು ಬಂದರಿಗೆ, ಅಲ್ಲಿಂದ ಇಟಲಿಗೆ. ಅಲ್ಲಿ ಹುರಿದು ಡಬ್ಬಿಗೆ ತುಂಬಿದ ಮೇಲೆ ಅದು ಇಟಲಿ ಕಾಫಿ. ಆ ಡಬ್ಬಿಗಳು ಇಲ್ಲಿ ಸಿಡ್ನಿ ರೋಡಿನ ಅಂಗಡಿಗಳಿಗೂ ಬರುತ್ತವೆ. ಅಜ್ಜ ಇಷ್ಟು ವರ್ಷ ಕುಡಿದಿದ್ದರಲ್ಲಿ ನಮ್ಮ ಕಡೆಯ ಬೀಜವೂ ಇದ್ದಿರಬೇಕು. ಮಂಜಲ್ಲಿ ಕುಯ್ದವರು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹತ್ತಿರ ರಾತ್ರಿ ಒಂಬತ್ತರವರೆಗೆ ನಿಂತವರು, ಮೋಡ ಕಂಡರೆ ಓಡಿಹೋಗಿ ಟಾರ್ಪಲ್ ಹೊದಿಸಿದವರು, ಅವರ ಊರಿನ ಹೆಸರೂ ಇಲ್ಲದೆ ಅಷ್ಟೆಲ್ಲ ಬೀಜ ಹೋಗಿದೆಯಲ್ಲ, ಅದು ನನಗೆ ನಿಜವಾಗಿ ನೋವಾಗುತ್ತೆ ಅಪ್ಪ.

ನಿಮಗೆ ಲೆಕ್ಕ ಬೇಕು, ಕೊಡುತ್ತೇನೆ. ಒಳಸಿಪ್ಪೆ ಇನ್ನೂ ಇರುವ 50 ಕಿಲೋ ಚೀಲ ಪಾರ್ಚ್‌ಮೆಂಟ್ ಕ್ಯೂರಿಂಗ್ ಆದರೆ ಸುಮಾರು 40 ಕಿಲೋ ಬೀಜ. ಹುರಿದರೆ ತೂಕ ನೂರಕ್ಕೆ ಹದಿನೈದರಷ್ಟು ಇಳಿದು 34 ಕಿಲೋ. ಒಂದು ಕಪ್ಪಿಗೆ ಇಳಿಸುವ ಡಬಲ್ ಶಾಟಿಗೆ 20 ಗ್ರಾಂ ಅಂದರೆ 1,700 ಕಪ್ಪು. ಒಂದು ಕಪ್ಪು ಇಲ್ಲಿ ಐದಾರು ಡಾಲರ್. ಗುಣಿಸಿ ನೋಡಿ ಬೆಚ್ಚಿಬೀಳಬೇಡಿ, ಅದೆಲ್ಲ ಉಳಿಯುವ ದುಡ್ಡಲ್ಲ. ಬಾಡಿಗೆ, ಹಾಲು, ಕರೆಂಟು, ಸಂಬಳ. ಸಂಬಳವೇ ದೊಡ್ಡದು, ಭಾನುವಾರ ಕೆಲಸ ಮಾಡಿಸಿದರೆ ಇನ್ನೂ ಜಾಸ್ತಿ ಕೊಡಬೇಕು, ಕೊಡಲೇಬೇಕು, ಅದು ನ್ಯಾಯ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರ್ಕೆಟ್ಟಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿದಾಗ ಇಲ್ಲಿನ ಅಂಗಡಿಯವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನೀವು ಅದೇ ಹೊತ್ತಿಗೆ ಕಣದ ಫೋಟೋ ಕಳಿಸಿ ಈ ಸಲ ಪರವಾಗಿಲ್ಲ ಅಂದಿರಿ. ನಾನು ಎರಡೂ ಕಡೆಯವಳು. ಆದರೂ ಹೇಳುತ್ತೇನೆ, ಕಪ್ಪಿನ ರೇಟಲ್ಲಿ ಬೀಜದ ಪಾಲು ಈಗಲೂ ಸಣ್ಣದು. ಬೆಳೆದವನಿಗೆ ಇನ್ನೂ ಸ್ವಲ್ಪ ಕೊಡಲು ಜಾಗ ಇದೆ.

ಅಮ್ಮ, ನೀನು ಇಲ್ಲಿಯ ಕಾಫಿ ಕುಡಿದರೆ ಮೊದಲು ಬಿಸಿ ಮಾಡಿಕೊಂಡು ಬಾ ಅಂತೀಯ, ಗ್ಯಾರಂಟಿ. ಹಾಲನ್ನು ಇಲ್ಲಿ ಕುದಿಸುವುದಿಲ್ಲ. 60, 65 ಡಿಗ್ರಿಗೆ ಹಬೆ ನಿಲ್ಲಿಸುತ್ತೇವೆ. ಅದಕ್ಕಿಂತ ಮೇಲೆ ಹೋದರೆ ಹಾಲಿನ ಸಿಹಿ ಹೋಗಿ ನೊರೆ ಒಡೆಯುತ್ತೆ. ಸರಿಯಾಗಿ ಬಂದ ಹಾಲು ಜಗ್ಗಿನಲ್ಲಿ ಒದ್ದೆ ಪೇಂಟಿನ ಥರ ಹೊಳೆಯುತ್ತೆ, ಒಂದು ಗುಳ್ಳೆ ಕಾಣಬಾರದು. ಬೆಳಗ್ಗೆ ಮೊದಲ ಕೆಲಸ ಮಾತ್ರ ಗ್ರೈಂಡರ್ ಹೊಂದಿಸುವುದು. 20 ಗ್ರಾಂ ಪುಡಿ, 9 ಬಾರ್ ಒತ್ತಡ, 28 ಸೆಕೆಂಡಿಗೆ 40 ಗ್ರಾಂ ಇಳಿಯಬೇಕು. ಪುಡಿ ಒಂದು ಚೂರು ದಪ್ಪ ಆದರೂ ಸರ್ರಂತ ಇಳಿದು ಹುಳಿ ಹುಳಿ, ತೀರ ನುಣ್ಣಗಾದರೆ ತೊಟ್ಟಿಕ್ಕಿ ಕಹಿ. ಬೆಳಗಿನ ಚಳಿಗೆ ಸರಿ ಇದ್ದದ್ದು ಹತ್ತು ಗಂಟೆಗೆ ಮತ್ತೆ ತಪ್ಪುತ್ತೆ, ಮತ್ತೆ ತಿರುಗಿಸಬೇಕು. ಈ ಕೆಲಸ ನನಗೆ ತುಂಬ ಇಷ್ಟ.

ಶನಿವಾರ ಭಾನುವಾರ ನಿನ್ನ ಫಿಲ್ಟರ್ ಕಾಫಿ ಇಡುತ್ತೇನೆ. ಗಟ್ಟಿ ಡಿಕಾಕ್ಷನ್, ಕುದಿಯುವ ಹಾಲು, ಸ್ಟೀಲ್ ಲೋಟ. ಚಿಕೋರಿ ನೂರಕ್ಕೆ ಇಪ್ಪತ್ತು, ಅದಕ್ಕಿಂತ ಹೆಚ್ಚು ಬೇಡ. ಇಲ್ಲಿನ ಕೆಲವರು ಚಿಕೋರಿ ಅಂದರೆ ಕಲಬೆರಕೆ ಅಂತ ಮೂಗು ಮುರಿಯುತ್ತಾರೆ. ಡಬ್ಬಿ ಮೇಲೆ ಬರೆದು, ತಿಳಿಸಿ ಹಾಕಿದರೆ ಅದು ನಮ್ಮ ರುಚಿ. ಕುಡಿದು ನೋಡಲಿ.

ಗೋಡೆಗೆ ಬಾಬಾಬುಡನ್ ಗಿರಿಯ ದೊಡ್ಡ ಚಿತ್ರ ಹಾಕೋಣ, ಬಾಬಾಬುಡನ್ ಅರಬ್ ದೇಶದಿಂದ ತಂದರೆನ್ನುವ ಏಳು ಬೀಜದ ಕಥೆ ಬರೆಯೋಣ ಅಂತ ಇವರು. ಕಥೆ ಚೆನ್ನಾಗಿದೆ, ಆದರೆ ಅದು ಎಲ್ಲ ಪ್ಯಾಕೆಟ್ ಮೇಲೂ ಬರುತ್ತೆ. ನನಗೆ ನಮ್ಮ ಕಣದ ಫೋಟೋ ಬೇಕು. ಅಣ್ಣನಿಗೆ ಹೇಳಿ, ಹಾಲುವಾಣದ ಮರ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್, ಹಿಂದೆ ಗೋಡೌನ್ ಎಲ್ಲ ಬರುವ ಹಾಗೆ ಒಂದು ತೆಗೆಯಲಿ. ನಮ್ಮ ಆಳುಗಳು ಒಪ್ಪಿದರೆ ಅವರೂ ನಿಲ್ಲಲಿ. ಕೇಳಿಯೇ ತೆಗೆಯಲಿ.

ಈಗ ಕೇಳುವುದು ಕೇಳುತ್ತೇನೆ ಅಪ್ಪ. ಈ ವರ್ಷದ ಪಾರ್ಚ್‌ಮೆಂಟ್ ಪೂರ್ತಿ ಮಾರಬೇಡಿ. ಮೇಲಿನ ತೋಟದ ಎಸ್ 795 ಅರೇಬಿಕಾ ನಾಲ್ಕು ಚೀಲ ನನಗೆ ತೆಗೆದಿಡಿ. ಬಾಳೆಹೊನ್ನೂರಿನ ಆ ಹಳೇ ತಳಿಗೆ ಕಾಂಡಕೊರಕ ಹುಳ ಬೀಳುತ್ತೆ, ಕಿತ್ತು ಚಂದ್ರಗಿರಿ ತಳಿ ಹಾಕೋಣ ಅಂತ ಅಣ್ಣ ಪ್ರತಿ ವರ್ಷ ಹೇಳುತ್ತಾನೆ, ಅವನ ಮಾತೂ ಸರಿ. ಆದರೂ ಆ ರುಚಿ ಬೇರೆ. ಒಂದು ಬ್ಲಾಕಾದರೂ ಉಳಿಸಿಕೊಳ್ಳಿ. ಜೊತೆಗೆ ರೊಬಸ್ಟಾ ಎರಡು ಚೀಲ, ಆ ಅಜ್ಜನಿಗೆ ಮತ್ತು ಅವರಂಥವರಿಗೆ.

ಬೇರೆ ಲಾಟಿನ ಜೊತೆ ಬೆರೆಯದ ಹಾಗೆ ಕ್ಯೂರಿಂಗ್ ಮಾಡಿಸಬೇಕು, ದಪ್ಪ ಬೀಜದ ಪ್ಲಾಂಟೇಷನ್ ಎ ದರ್ಜೆ ಬೇರೆ, ಪೀಬೆರಿ ಬೇರೆ. ತೇವಾಂಶ ನೂರಕ್ಕೆ 11ಕ್ಕಿಂತ ಜಾಸ್ತಿ ಇರಬಾರದು, ಹಡಗಲ್ಲಿ ಬೂಸ್ಟು ಹಿಡಿಯುತ್ತೆ. ಚೀಲದಲ್ಲಿ ಮಣ್ಣು, ಹುಳ, ಎಲೆ ಚೂರು ಏನೂ ಇರಬಾರದು, ಇಲ್ಲಿನ ಕ್ವಾರಂಟೈನ್‌ನವರು ಬಹಳ ಕಟ್ಟುನಿಟ್ಟು. ಕಾಫಿ ಬೋರ್ಡಿನಲ್ಲಿ ನೋಂದಣಿ ಇರುವ ರಫ್ತುದಾರರ ಮೂಲಕವೇ ಕಳಿಸಬೇಕು, ಅವರ ದೊಡ್ಡ ಕನ್ಸೈನ್‌ಮೆಂಟ್ ಜೊತೆ ನಮ್ಮದೂ ಬರುತ್ತೆ. ಅವರ ಜೊತೆ ನಾನು ಮಾತಾಡಿದ್ದೇನೆ, ನಿಮಗೆ ಫೋನ್ ಬರುತ್ತೆ. ರೇಟು ನೀವೇ ಹೇಳಿ. ಮಗಳು ಅಂತ ಕಡಿಮೆ ಹೇಳಬೇಡಿ. ಆ ದಿನ ಮೂಡಿಗೆರೆಯಲ್ಲಿ ವ್ಯಾಪಾರಿ ಏನು ಕೊಡುತ್ತಾನೋ ಅದಕ್ಕಿಂತ ಮೇಲೆಯೇ ಕೊಡುತ್ತೇನೆ, ಬ್ಯಾಂಕಿಗೇ ಹಾಕುತ್ತೇನೆ. ಅಂಗಡಿ ಬೋರ್ಡಿನ ಮೇಲೆ ನಮ್ಮ ಊರು, ತಳಿ, ಕುಯ್ಲಿನ ತಿಂಗಳು ಬರೆಸುತ್ತೇನೆ. ಕನ್ನಡದಲ್ಲೂ ಬರೆಸುತ್ತೇನೆ.

ಏಪ್ರಿಲ್ ಮೊದಲ ಭಾನುವಾರದಿಂದ ನಮಗೂ ನಿಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ನಾವೇ ಮುಂದೆ. ಚೀಲ ಕ್ಯೂರಿಂಗಿಗೆ ಹೊರಡುವ ಮುಂಚೆ ಫೋನ್ ಮಾಡಿ, ಎಷ್ಟು ಹೊತ್ತಾದರೂ ಎತ್ತುತ್ತೇನೆ. ಅತ್ತಿಗೆಗೆ, ಮಕ್ಕಳಿಗೆ ನನ್ನ ನೆನಪು ಹೇಳಿ. ಅಮ್ಮ, ಮಂಡಿ ನೋವಿನ ಮಾತ್ರೆ ಬಿಡಬೇಡ.

ಇಂತಿ ನಿಮ್ಮ ಮಗಳು