ಮತಪತ್ರದ ಖರ್ಚು ಯಾರ ಲೆಕ್ಕಕ್ಕೆ? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಇಪ್ಪತ್ತೆಂಟು ವರ್ಷ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ಬಡ್ತಿ ಆದೇಶ ತಡವಾಗುತ್ತಿತ್ತು, ಪಿಆರ್‌ಒ, ಅಂದರೆ ಮತಗಟ್ಟೆ ಅಧ್ಯಕ್ಷಾಧಿಕಾರಿ ಆಗಿ ಹೋಗಿ ಅನ್ನುವ ಆದೇಶ ಮಾತ್ರ ಚುನಾವಣೆ ಬಂದಾಗಲೆಲ್ಲ ತಪ್ಪದೆ ಕೈಸೇರುತ್ತಿತ್ತು. ಆ ಅನುಭವದ ಮೇಲೆ ನಾಲ್ಕು ಮಾತು.

ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಪತ್ರದಲ್ಲೇ ನಡೆಸಿ ಎಂದು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹಾಕಿದ ಮತಕ್ಕೆ ಕಾಗದದ ಸಾಕ್ಷಿ ಇರಲಿ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಪರ-ವಿರೋಧದ ಅಷ್ಟೂ ಗಲಾಟೆಯಲ್ಲಿ ಖರ್ಚಿನ ಪಟ್ಟಿ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ವಿವಿಪ್ಯಾಟ್, ಅಂದರೆ ಇವಿಎಂನಲ್ಲಿ ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ಯಂತ್ರ, ಅದರ ವಿಷಯದಲ್ಲಿ ಲೆಕ್ಕವಾದರೂ ಇತ್ತು. ಕಾಗದದ ದಾಖಲೆ ಅಗತ್ಯ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2017ರಲ್ಲಿ ಕೇಂದ್ರ ಸಂಪುಟ 16.15 ಲಕ್ಷ ಯಂತ್ರಗಳಿಗೆ 3,173.47 ಕೋಟಿ ರೂಪಾಯಿ ಮಂಜೂರು ಮಾಡಿತು. ಒಂದಕ್ಕೆ ಸುಮಾರು 19,650 ರೂಪಾಯಿ. ಮಾಡಿಕೊಟ್ಟ ಎರಡು ಕಂಪನಿಗಳಲ್ಲಿ ಒಂದು ನಮ್ಮ ಜಾಲಹಳ್ಳಿಯ ಬಿಇಎಲ್. ಅದು ಯಂತ್ರದ ಬೆಲೆಯಷ್ಟೇ. ಉಗ್ರಾಣ, ಕಾವಲು, ಸಿಸಿ ಕ್ಯಾಮೆರಾ, ಪ್ರತಿ ಚುನಾವಣೆಗೂ ಮೊದಲು ತಪಾಸಣೆ, ತರಬೇತಿ, ಇವೆಲ್ಲ ಜಿಲ್ಲೆಯಲ್ಲೇ ಆಗಬೇಕು.

ಇನ್ನು ಕೆಲವು ಖರ್ಚಿಗೆ ರಸೀದಿಯೇ ಇಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ವಿವಿಪ್ಯಾಟನ್ನು ನೇರ ಬೆಳಕಿಗೆ ಇಡಬೇಡಿ ಎಂದು ತರಬೇತಿಯಲ್ಲಿ ಹೇಳಿ ಕಳಿಸಿದ್ದರು. ನನಗೆ ಸಿಕ್ಕ ಕೊಠಡಿಯಲ್ಲಿ ಇದ್ದದ್ದೇ ಒಂದು ಕಿಟಕಿ, ಅದಕ್ಕೆ ಬಾಗಿಲಿಲ್ಲ. ಬಿಸಿಯೂಟದ ಅಕ್ಕಿ ಚೀಲ ಬಿಚ್ಚಿ ಕಿಟಕಿಗೆ ಕಟ್ಟಿದೆವು. ಬೆಳಗಿನ ಜಾವ ಏಜೆಂಟರ ಮುಂದೆ ಐವತ್ತು ಅಣಕು ಮತ ಹಾಕಿಸಿ, ಬಿದ್ದ ಚೀಟಿಗಳನ್ನು ಎಣಿಸಿ, ಪ್ರತಿಯೊಂದರ ಹಿಂದೆ ಸೀಲು ಒತ್ತಿ, ಕಪ್ಪು ಲಕೋಟೆಗೆ ತುಂಬಿ ಅರಗು ಹಾಕುವಷ್ಟರಲ್ಲಿ ಹೊರಗೆ ಸಾಲು ನಿಂತಿತ್ತು. ಇಷ್ಟೆಲ್ಲ ಮಾಡಿ ಕಾಪಾಡಿದ ಚೀಟಿಗಳಲ್ಲಿ ಎಣಿಕೆಗೆ ಸಿಗುವುದು ವಿಧಾನಸಭಾ ಕ್ಷೇತ್ರಕ್ಕೆ ಬರೀ ಐದು ಮತಗಟ್ಟೆಯವು. ನನ್ನ ಮತಗಟ್ಟೆಯದು ಬಂದಿತೋ ಇಲ್ಲವೋ ತಿಳಿಯಲಿಲ್ಲ.

ಮತಪತ್ರದ್ದು ಬೇರೆಯೇ ಕಥೆ, ಅಲ್ಲಿ ಎಲ್ಲವನ್ನೂ ಎಣಿಸಬೇಕು. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮತಪತ್ರಗಳ ಹಿಂದೆ ಸಹಿ ಹಾಕಿ ಹಾಕಿ ನನ್ನ ಸಹಿ ಬರೀ ಗೆರೆಯಾಗಿತ್ತು. 30ರಂದು ಎಣಿಕೆ. ಒಂದೇ ಕ್ಷೇತ್ರದಲ್ಲಿ ಇಬ್ಬರು ಮೂವರು ಸದಸ್ಯರಿದ್ದರೆ ಒಂದೇ ಮತಪತ್ರದಲ್ಲಿ ಎರಡು ಮೂರು ಮುದ್ರೆ, ಕಟ್ಟು ಕಟ್ಟಿ ಬೇರೆ ಮಾಡುವಂತಿಲ್ಲ, ಒಂದೊಂದನ್ನೂ ಕೂಗಿ ಗೀಟು ಹಾಕಬೇಕು. ಮುದ್ರೆ ಗೆರೆಯ ಮೇಲೆ ಬಿದ್ದಿದ್ದರೆ ಅದೊಂದು ಜಗಳ. ಮುಗಿದಾಗ ರಾತ್ರಿ ಒಂದೂವರೆ. ನಮ್ಮ ಮೇಜಿನ ಇಬ್ಬರು ಮೇಡಂಗಳಿಗೆ ಮನೆಗೆ ಬಸ್ಸಿಲ್ಲ, ಗೋಡೆಗೊರಗಿ ಬೆಳಗು ಮಾಡಿದರು. ಆ ರಾತ್ರಿ ಯಾರ ಲೆಕ್ಕಕ್ಕೆ ಬಂತು?

ಹಾಗಾದರೆ ಪಂಚಾಯಿತಿಗೂ ವಿವಿಪ್ಯಾಟ್ ತನ್ನಿ ಅನ್ನುವವರಿದ್ದಾರೆ. ಮಾತು ಸುಲಭ. ವಿಧಾನಸಭೆ, ಲೋಕಸಭೆಯ ಯಂತ್ರಗಳು ಭಾರತ ಚುನಾವಣಾ ಆಯೋಗದವು. ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಆಯೋಗ, ಹೊಸದು ಬೇಕೆಂದರೆ ರಾಜ್ಯವೇ ಜೇಬಿಗೆ ಕೈಹಾಕಬೇಕು. ಒಬ್ಬರಿಗೆ ಎರಡು ಮೂರು ಮತವಿರುವ ಕಡೆ ಈಗಿನ ವಿವಿಪ್ಯಾಟ್ ಯಂತ್ರ ಹಾಗೆಯೇ ನಡೆಯುವುದೂ ಇಲ್ಲ. ನನ್ನನ್ನು ಕೇಳಿದರೆ ಮತಪತ್ರವೇ ಆಗಲಿ ಅನ್ನುತ್ತೇನೆ, ಆದರೆ ಎಣಿಕೆಗೆ ಎರಡು ಪಾಳಿಯ ಸಿಬ್ಬಂದಿ, ರಾತ್ರಿ ವಾಹನ, ನೆಟ್ಟಗಿರುವ ಕೊಠಡಿ, ಇವಕ್ಕೆ ಹಣ ಮೊದಲೇ ತೆಗೆದಿಟ್ಟಿರಬೇಕು.

ನಿಮ್ಮಿಂದ ಆಗಬೇಕಾದ್ದು ಒಂದೇ ಕೆಲಸ. 2020ರಲ್ಲಿ ಇಡೀ ರಾಜ್ಯ ಮತಪತ್ರದಲ್ಲಿ ಮತ ಹಾಕಿದಾಗ ಬೀದರ್ ಜಿಲ್ಲೆಯಲ್ಲಿ ಮಾತ್ರ ಇವಿಎಂ ಬಳಸಿದ್ದರು. ಬೀದರಿನಲ್ಲಿ ಒಂದು ಮತಗಟ್ಟೆಗೆ ಎಷ್ಟು ಖರ್ಚಾಯಿತು, ಪಕ್ಕದ ಕಲಬುರಗಿಯಲ್ಲಿ ಎಷ್ಟಾಯಿತು, ಎಣಿಕೆಗೆ ಎಲ್ಲೆಲ್ಲಿ ಎಷ್ಟು ಜನ, ಎಷ್ಟು ಗಂಟೆ ಕೂತರು ಎಂದು ಸದನದಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆಯೊಂದನ್ನು ಹಾಕಿ. ಲಿಖಿತ ಉತ್ತರ ಬಂದ ದಿನ ಅದರ ಒಂದು ಪ್ರತಿಯನ್ನು ನಮ್ಮೂರ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸಲು ಹೇಳಿ. ದಿನಾ ಬೆಳಗ್ಗೆ ಹಾಲು ತರಲು ನಾನು ಹೋಗುವುದು ಆ ದಾರಿಯಲ್ಲೇ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ,
ಒಬ್ಬ ನಿವೃತ್ತ ಮೇಷ್ಟ್ರು